‘ಬರ್ತೀವಿ ಡಾಕ್ಟ್ರೇ’ ಅಂದವರು ಮತ್ತೆ ಬರುವುದಿಲ್ಲ, ಯಾಕೆ?

ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಮಕ್ಕಳ ಬೊಜ್ಜಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳಲ್ಲೂ ಹೆಚ್ಚುಕಡಿಮೆ ಹೀಗೇ. ಅದು ಅಮೆರಿಕದ ಕ್ಲಿನಿಕ್ ಆದರೂ ಸರಿ, ಬೆಂಗಳೂರಿನದಾದರೂ ಸರಿ. ‘ನಮಗೆ ಇದು ಬೇಡ’ ಎಂದು ಹೇಳಿ ಯಾರೂ ಎದ್ದು ಹೋಗುವುದಿಲ್ಲ. ಮುಂದಿನ ತಾರೀಕು ಬರೆಸಿಕೊಳ್ಳುತ್ತಾರೆ. ಡಯಟ್ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ‘ಬರ್ತೀವಿ ಡಾಕ್ಟ್ರೇ’ ಅನ್ನುತ್ತಾರೆ. ಆಮೇಲೆ ಒಂದು ಅಪಾಯಿಂಟ್‌ಮೆಂಟ್ ತಪ್ಪುತ್ತದೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ, ಮೂರನೆಯ ಸಲ ಕ್ಲಿನಿಕ್‌ನವರು ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಇದು ಅಲ್ಲೊಂದು ಇಲ್ಲೊಂದು ಮನೆಯ ಸಂಗತಿ ಅಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಕಾರ್ಯಕ್ರಮ ನಡೆಸುತ್ತಿದ್ದ ವೈದ್ಯ ಜೋಸೆಫ್ ಸ್ಕೆಲ್ಟನ್, ಬೆಟ್ಟಿನಾ ಬೀಚ್ ಜೊತೆ ಸೇರಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2011ರಲ್ಲಿ ಅದು ಪ್ರಕಟವಾಯಿತು. ಕಡಿಮೆ ಅಂದರೆ 100ಕ್ಕೆ 27 ಕುಟುಂಬ, ಜಾಸ್ತಿ ಅಂದರೆ 100ಕ್ಕೆ 73 ಕುಟುಂಬ ಅರ್ಧದಲ್ಲೇ ಬಿಟ್ಟಿದ್ದವು.

27 ಎಲ್ಲಿ, 73 ಎಲ್ಲಿ! ಇಷ್ಟು ಅಂತರ ಬರಲು ಒಂದು ಕಾರಣ, ‘ಬಿಟ್ಟು ಹೋಗುವುದು’ ಅಂದರೆ ಏನು ಎಂಬುದರಲ್ಲೇ ಒಮ್ಮತ ಇಲ್ಲ. ಒಮ್ಮೆ ಬಂದು ನಾಪತ್ತೆಯಾದವರೂ ಬಿಟ್ಟವರೇ, ತಿಂಗಳುಗಟ್ಟಲೆ ನಿಯತ್ತಾಗಿ ಬಂದು ಕೊನೆಯ ಹಂತದಲ್ಲಿ ತಪ್ಪಿಸಿಕೊಂಡವರೂ ಬಿಟ್ಟವರೇ. ಯಾರನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ ಎಂಬುದರ ಮೇಲೆ ಅಂಕಿ ಏರುತ್ತದೆ, ಇಳಿಯುತ್ತದೆ.

ತೂಕದ ಮಾತು ಬಂದ ಕೂಡಲೇ ನಮ್ಮ ಬಾಯಲ್ಲಿ ಒಂದು ಉತ್ತರ ರೆಡಿ ಇರುತ್ತದೆ: ‘ಅವರಿಗೇ ಮನಸ್ಸಿಲ್ಲ ಬಿಡಿ.’ ನನಗೆ ಈ ಉತ್ತರ ಒಪ್ಪಿಗೆ ಇಲ್ಲ. ಮನಸ್ಸೇ ಇಲ್ಲದವರು ಮೊದಲ ಸಲವೂ ಬರುವುದಿಲ್ಲ ಅಲ್ವಾ? ಇವರು ಬಂದಿದ್ದರು. ರೆಫರಲ್ ಚೀಟಿ ಹಿಡಿದು, ವೇಟಿಂಗ್ ಲಿಸ್ಟ್‌ನಲ್ಲಿ ಕಾದು, ಉದ್ದುದ್ದ ಫಾರಂ ತುಂಬಿ ಬಂದಿದ್ದರು. ಬಂದ ಮೇಲೆ ಏನೋ ಆಯಿತು.

ವಾರಕ್ಕೆ ಅರ್ಧ ಗಂಟೆ ಅನ್ನುವ ಲೆಕ್ಕ

ಮೊದಲು ಈ ಕಾರ್ಯಕ್ರಮ ಅಂದರೆ ಏನು ಎಂದು ನೋಡೋಣ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2023ರ ಜನವರಿಯಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ‘ಬೆಳೆದ ಹಾಗೆ ಸರಿಹೋಗುತ್ತೆ, ಕಾದು ನೋಡೋಣ’ ಎಂದು ಕೂರಬೇಡಿ, ತಡ ಮಾಡದೆ ಚಿಕಿತ್ಸೆ ಶುರುಮಾಡಿ ಎಂದು ಅದು ಹೇಳಿತು. ಚಿಕಿತ್ಸೆಯ ಬುಡದಲ್ಲಿ ಇರುವುದು ಮಾತ್ರೆ ಅಲ್ಲ, ಇಂಜೆಕ್ಷನ್ ಅಲ್ಲ. ಊಟ, ಆಟ, ನಿದ್ದೆ, ಟೀವಿ-ಮೊಬೈಲ್ ಹೊತ್ತು, ಇವನ್ನು ಬದಲಿಸುವುದು ಹೇಗೆ ಎಂದು ಕುಟುಂಬದ ಜೊತೆ ಕೂತು ಕಲಿಸುವುದು. ಅದಕ್ಕೆ ಒಂದು ಅಳತೆಯೂ ಇದೆ. 3ರಿಂದ 12 ತಿಂಗಳೊಳಗೆ ಕನಿಷ್ಠ 26 ಗಂಟೆ, ಮುಖಾಮುಖಿ.

26 ಗಂಟೆಯನ್ನು ವರ್ಷಕ್ಕೆ ಹಂಚಿದರೆ ವಾರಕ್ಕೆ ಅರ್ಧ ಗಂಟೆ. ಒಂದು ಸೀರಿಯಲ್ ಎಪಿಸೋಡಿನಷ್ಟು. ಇಷ್ಟೇನಾ ಅನಿಸುತ್ತದೆ.

ಈಗ ಅದೇ 26 ಗಂಟೆಯನ್ನು ಅಮ್ಮನ ಕಡೆಯಿಂದ ಎಣಿಸಿ. ಒಂದು ಗಂಟೆಯ ಭೇಟಿ ಮಧ್ಯಾಹ್ನ ಮೂರಕ್ಕೆ ಇದೆ ಅಂದುಕೊಳ್ಳಿ. ಒಂದೂವರೆಗೆ ಕೆಲಸದಿಂದ ಹೊರಡಬೇಕು. ಶಾಲೆಗೆ ಹೋಗಿ ಸಹಿ ಹಾಕಿ ಮಗುವನ್ನು ಕರೆತರಬೇಕು. ತಂಗಿಯನ್ನು ಎಲ್ಲಿ ಬಿಡುವುದು? ಅವಳೂ ಕಾರು ಹತ್ತುತ್ತಾಳೆ. ಊರ ಇನ್ನೊಂದು ತುದಿಯ ಆಸ್ಪತ್ರೆ, ಪಾರ್ಕಿಂಗ್, ಕಾಯುವ ಹೊತ್ತು. ಮನೆ ಮುಟ್ಟುವಾಗ ಸಂಜೆ ಐದೂವರೆ. ಒಂದು ಗಂಟೆಯ ಸಲಹೆಗೆ ಅರ್ಧ ದಿನ ಹೋಯಿತು. ಇಂಥ 26 ಭೇಟಿ ಅಂದರೆ 13 ಕೆಲಸದ ದಿನ. ಅಮೆರಿಕದಲ್ಲಿ ಖಾಸಗಿ ಕೆಲಸಗಾರರಿಗೆಲ್ಲ ಸಂಬಳ ಸಹಿತ ಸಿಕ್ ಲೀವ್ ಕೊಡಲೇಬೇಕು ಅನ್ನುವ ದೇಶವ್ಯಾಪಿ ಕಾನೂನೇ ಇಲ್ಲ. ಗಂಟೆ ಲೆಕ್ಕದ ಕೂಲಿಯವರಿಗೆ ರಜೆ ಅಂದರೆ ಸಂಬಳ ಕಟ್. ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಹಾಕುವ ತಾಯಿ ಎಷ್ಟು ಅರ್ಧ ದಿನ ಕೇಳಬಲ್ಲಳು? ನಾಲ್ಕನೆಯ ಸಲ ಕೇಳುವಾಗ ಮ್ಯಾನೇಜರ್ ಮುಖ ಹೇಗಿರುತ್ತದೆ?

ಇದರ ಮೇಲೆ ಇನ್ಶೂರೆನ್ಸ್ ತಕರಾರು. ಡಾಕ್ಟರ್ ಭೇಟಿಗೆ ಹಣ ಬರುತ್ತದೆ, ಡಯಟೀಶಿಯನ್ ಭೇಟಿಗೆ ಬರುವುದಿಲ್ಲ, ಮನಶ್ಶಾಸ್ತ್ರಜ್ಞರ ಭೇಟಿಗೆ ಇನ್ನೊಂದು ರೂಲು. ಎರಡು ತಿಂಗಳ ನಂತರ ಅಂಚೆಯಲ್ಲಿ ಬರುವ ಬಿಲ್ಲು ನೋಡಿ ಬಿಡುವವರು ಸುಮಾರು ಜನ. ಬಡ ಕುಟುಂಬಗಳ ಸರ್ಕಾರಿ ವಿಮೆಯಾದ ಮೆಡಿಕೇಡ್ ಇರುವವರು ಬಿಟ್ಟು ಹೋಗುವುದು ಹೆಚ್ಚು ಎಂದು ಸಿನ್‌ಸಿನಾಟಿಯ ಮಕ್ಕಳ ಆಸ್ಪತ್ರೆಯ ಕಾರ್ಯಕ್ರಮದಲ್ಲಿ ಕಂಡುಬಂತು. ಅದು 2004ರಲ್ಲಿ ಪ್ರಕಟವಾದ ಅಧ್ಯಯನ. ಬೊಜ್ಜಿನ ಹೊರೆ ಜಾಸ್ತಿ ಇರುವುದು ಬಡವರ ಮನೆಯಲ್ಲಿ, ಬೇಗ ಬಾಗಿಲು ದಾಟಿ ಹೋಗುವವರೂ ಅವರೇ.

ಮಗು ಒಂದೇ ಬಂದರೆ ಸಾಲದೇ?

ಸಾಲದು. ಇದಕ್ಕೊಂದು ಹಿನ್ನೆಲೆ ಇದೆ. ಲಿಯೊನಾರ್ಡ್ ಎಪ್‌ಸ್ಟೀನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಆಹಾರಕ್ಕೆ ಟ್ರಾಫಿಕ್ ಸಿಗ್ನಲ್ ಬಣ್ಣ ಕೊಟ್ಟವರು. ಹಸಿರು ಅಂದರೆ ಧಾರಾಳವಾಗಿ ತಿನ್ನು, ಹಳದಿ ಅಂದರೆ ಹುಷಾರಾಗಿ, ಕೆಂಪು ಅಂದರೆ ಅಪರೂಪಕ್ಕೆ. ಅವರ ತಂಡ 6ರಿಂದ 12 ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿತು. ಒಂದರಲ್ಲಿ ಅಪ್ಪನೋ ಅಮ್ಮನೋ ಮಗುವಿನ ಜೊತೆ ತಾವೂ ತೂಕ ಇಳಿಸಬೇಕು. ಇನ್ನೊಂದರಲ್ಲಿ ಗಮನ ಮಗುವಿನ ಮೇಲೆ ಮಾತ್ರ. ಮೂರನೆಯದರಲ್ಲಿ ಯಾರ ಮೇಲೂ ನಿರ್ದಿಷ್ಟ ಒತ್ತು ಇಲ್ಲ, ಸುಮ್ನೆ ಹಾಜರಿಗೆ ಶಾಬಾಸ್.

ಹತ್ತು ವರ್ಷದ ನಂತರ ಆ ಮಕ್ಕಳನ್ನು ಮತ್ತೆ ಹುಡುಕಿ ತೂಗಿದರು. 1990ರಲ್ಲಿ ಫಲಿತಾಂಶ ಬಂತು. ಅಳತೆ ಏನೆಂದರೆ, ಇರಬೇಕಾದ ತೂಕಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಇದ್ದಾರೆ ಎಂಬುದು. ಹೆತ್ತವರೂ ಮಗುವೂ ಜೊತೆಗೆ ದುಡಿದ ಗುಂಪಿನಲ್ಲಿ ಅದು 7.5ರಷ್ಟು ಇಳಿದಿತ್ತು. ಮಗು ಮಾತ್ರ ಅಂದ ಗುಂಪಿನಲ್ಲಿ 4.5ರಷ್ಟು ಏರಿತ್ತು. ಮೂರನೆಯದರಲ್ಲಿ 14.3ರಷ್ಟು ಏರಿತ್ತು. ಶುರುವಾಗುವಾಗ ಎಲ್ಲರೂ ಒಂದೇ ಥರದ ಮಕ್ಕಳು. ಎಷ್ಟು ವ್ಯತ್ಯಾಸ ನೋಡಿ.

ಅಲ್ಲಿಂದ ಮುಂದೆ ಮಕ್ಕಳ ಬೊಜ್ಜಿನ ಚಿಕಿತ್ಸೆ ಅಂದರೆ ಇಡೀ ಕುಟುಂಬದ ಚಿಕಿತ್ಸೆ ಅನ್ನುವುದು ಗಟ್ಟಿಯಾಯಿತು. ಸರಿಯೇ. ಎಂಟು ವರ್ಷದ ಹುಡುಗ ಅಂಗಡಿಗೆ ಹೋಗಿ ದಿನಸಿ ತರುವುದಿಲ್ಲ, ಅಡುಗೆ ಮಾಡುವುದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಚಿಕಿತ್ಸೆಗೆ ಇಡೀ ಮನೆ ಬೇಕು ಅಂದಮೇಲೆ, ಚಿಕಿತ್ಸೆ ಮುರಿಯಲು ಮನೆಯ ಒಬ್ಬರು ಸಾಕು.

ಯಾರಾದರೂ ಆಗಬಹುದು. ಹಗಲು-ರಾತ್ರಿ ಶಿಫ್ಟ್ ಬದಲಾದ ಅಪ್ಪ ಇರಬಹುದು. ‘ನಾನು ತೆಳ್ಳಗಿದ್ದೀನಿ, ನನಗ್ಯಾಕೆ ಚಿಪ್ಸ್ ಇಲ್ಲ’ ಎಂದು ಜಗಳ ತೆಗೆಯುವ ಅಣ್ಣ ಇರಬಹುದು. ಬೇರೆಯಾದ ತಂದೆ-ತಾಯಿ ಇದ್ದರಂತೂ ಅಮ್ಮನ ಮನೆಯಲ್ಲಿ ಐದು ದಿನ ಒಂದು ಕಾನೂನು, ಅಪ್ಪನ ಮನೆಯಲ್ಲಿ ವಾರಾಂತ್ಯಕ್ಕೆ ಇನ್ನೊಂದು. ಅಪ್ಪನಿಗೆ ಮಗು ಸಿಗುವುದೇ ಎರಡು ದಿನ, ಆ ಎರಡು ದಿನ ಅವನು ಪಿಜ್ಜಾಕ್ಕೆ ಬೇಡ ಅನ್ನುತ್ತಾನಾ?

ಅಮೆರಿಕದ ಕನ್ನಡ ಮನೆಗಳಲ್ಲಿ ಈ ‘ಒಬ್ಬರು’ ಸಾಮಾನ್ಯವಾಗಿ ಸೂಟ್‌ಕೇಸ್ ಸಮೇತ ಬರುತ್ತಾರೆ. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬರುವ ಅಜ್ಜಿ. ಕೋಡುಬಳೆ, ಚಕ್ಕುಲಿ, ಮನೆಯಲ್ಲೇ ಕಾಯಿಸಿದ ತುಪ್ಪದ ಡಬ್ಬ. ಮೊಮ್ಮಗನನ್ನು ಎರಡು ವರ್ಷದ ನಂತರ ನೋಡಿದವರು ಅವನ ತಟ್ಟೆಗೆ ಎರಡನೇ ಸಲ ಅನ್ನ ಬಡಿಸದೆ ಇರಲು ಸಾಧ್ಯವೇ? ಕ್ಲಿನಿಕ್ ಕೊಟ್ಟ ತಟ್ಟೆಯ ಚಿತ್ರದಲ್ಲಿ ಅರ್ಧ ತರಕಾರಿ, ಕಾಲು ಭಾಗ ಧಾನ್ಯ ಎಂದು ಗೆರೆ ಎಳೆದಿರುತ್ತದೆ. ಬಿಸಿಬೇಳೆಬಾತ್‌ಗೆ ಎಲ್ಲಿ ಗೆರೆ ಎಳೆಯುವುದು! ಅಜ್ಜಿಯ ಮನಸ್ಸು ನೋಯಿಸುವುದೋ, ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕುವುದೋ ಅಂದರೆ ಸೊಸೆ ಎರಡನೆಯದನ್ನೇ ಆರಿಸಿಕೊಳ್ಳುತ್ತಾಳೆ. ಆರು ತಿಂಗಳು ಮುಂದಕ್ಕೆ ಹೋದದ್ದು ಮತ್ತೆ ಹಿಂದಕ್ಕೆ ಬರುವುದಿಲ್ಲ.

‘ದೂರ ಆಗುತ್ತೆ’

ಬಿಟ್ಟವರನ್ನು ಹುಡುಕಿ ಕೇಳಿದವರೂ ಇದ್ದಾರೆ. ಸೇಂಟ್ ಲೂಯಿಸ್‌ನಲ್ಲಿ ಸಾರಾ ಬಾರ್ಲೋ ಮತ್ತು ಸಂಗಡಿಗರು ಇದನ್ನು ಮಾಡಿ 2006ರಲ್ಲಿ ಬರೆದರು. ಕಾನ್ಸಾಸ್ ಸಿಟಿಯ ಸಾರಾ ಹ್ಯಾಂಪಲ್ ಅವರ ತಂಡ ಹಲವು ಮಕ್ಕಳ ಆಸ್ಪತ್ರೆಗಳ ಪೋಷಕರನ್ನು ಕೇಳಿ 2013ರಲ್ಲಿ ಬರೆಯಿತು. ಉತ್ತರಗಳು ಹೆಚ್ಚುಕಡಿಮೆ ಒಂದೇ. ದೂರ ಆಗುತ್ತೆ, ಸಮಯ ಹೊಂದುವುದಿಲ್ಲ, ಇನ್ಶೂರೆನ್ಸ್ ಕೊಡುವುದಿಲ್ಲ, ಮಗುವಿಗೆ ಶಾಲೆ ತಪ್ಪುತ್ತದೆ, ಮಗುವಿಗೇ ಇಷ್ಟ ಇಲ್ಲ, ನಾವು ಅಂದುಕೊಂಡದ್ದು ಇಲ್ಲಿ ಸಿಗಲಿಲ್ಲ.

ಎಲ್ಲ ನಿಜವೇ ಇರಬಹುದು. ಆದರೆ ಒಂದು ಮಜಾ ಇದೆ. ‘ದೂರ’ ಎಂದು ಜನ ಹೇಳುತ್ತಾರೆ, ನಿಜಕ್ಕೂ ಎಷ್ಟು ಮೈಲಿ ಎಂದು ಅಳೆದು ನೋಡಿದರೆ ಎಲ್ಲ ಕಡೆ ಲೆಕ್ಕ ಕೂಡಿಬರುವುದಿಲ್ಲ. ಎರಡು ಗಂಟೆ ಕಾರು ಓಡಿಸಿ ಬರುವವರು ಉಳಿದುಬಿಡುತ್ತಾರೆ, ಪಕ್ಕದ ಬೀದಿಯವರು ಬಿಡುತ್ತಾರೆ. ನಮಗೆ ಇದು ಅರ್ಥವಾಗದ್ದೇನಲ್ಲ. ಮದುವೆಗೆ ಹೋಗಲು ಇಷ್ಟ ಇಲ್ಲದಾಗ ನಾವೂ ‘ಸ್ವಲ್ಪ ದೂರ ಆಯ್ತು’ ಅನ್ನುತ್ತೇವೆ. ದೂರ ಅನ್ನುವುದು ಯಾರಿಗೂ ನೋವಾಗದ ಉತ್ತರ. ‘ನಿಮ್ಮ ಕ್ಲಿನಿಕ್‌ಗೆ ಬಂದಾಗಲೆಲ್ಲ ನಾನು ಕೆಟ್ಟ ತಾಯಿ ಅನಿಸುತ್ತೆ’ ಎಂದು ಫೋನಿನಲ್ಲಿ ಯಾರೂ ಹೇಳುವುದಿಲ್ಲ.

ಆ ಭಾವನೆ ಎಲ್ಲಿಂದ ಬರುತ್ತದೆ? ಮಗು ಒಳಗೆ ಬಂದ ಕೂಡಲೇ ಮೊದಲ ಕೆಲಸ ತೂಗುವುದು. ತೂಕದ ಯಂತ್ರ ಹಲವು ಕಡೆ ಓಡಾಡುವ ಪ್ಯಾಸೇಜಿನಲ್ಲೇ ಇರುತ್ತದೆ. ನರ್ಸ್ ಅಂಕಿ ಓದಿ ಹೇಳುತ್ತಾರೆ. ಮಗು ಅಮ್ಮನ ಮುಖ ನೋಡುತ್ತದೆ, ಅಮ್ಮ ನೆಲ ನೋಡುತ್ತಾಳೆ. ಆಮೇಲೆ ಪ್ರಶ್ನೆಗಳು: ಜ್ಯೂಸ್ ಎಷ್ಟು, ಟೀವಿ ಎಷ್ಟು, ವಾರದಲ್ಲಿ ಎಷ್ಟು ದಿನ ಹೊರಗಿನ ಊಟ. ಕೇಳುವವರ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ. ಕೇಳಿಸಿಕೊಳ್ಳುವವಳಿಗೆ ಮಾತ್ರ ಅದು ಪೊಲೀಸ್ ಸ್ಟೇಷನ್ನಿನ ಪ್ರಶ್ನೆ. ಶಾಲೆಯಲ್ಲಿ ‘ಡುಮ್ಮ’ ಅನಿಸಿಕೊಂಡು ಬಂದ ಮಗುವಿಗೆ ಆಸ್ಪತ್ರೆಯಲ್ಲೂ ಅದೇ ವಿಷಯ, ಸ್ವಲ್ಪ ಮೆದು ದನಿಯಲ್ಲಿ. ತೂಕದ ಬಗ್ಗೆ ವೈದ್ಯರೇ ಮಕ್ಕಳ ಮನಸ್ಸು ನೋಯಿಸಬಹುದು, ಪದ ನೋಡಿ ಬಳಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2017ರಲ್ಲಿ ಲಿಖಿತವಾಗಿ ಎಚ್ಚರಿಸಿತು ಅಂದರೆ ವಿಷಯ ಎಷ್ಟು ಗಂಭೀರ ಎಂದು ಲೆಕ್ಕ ಹಾಕಿ.

ಸಿನ್‌ಸಿನಾಟಿಯ ಆ ಅಧ್ಯಯನದಲ್ಲಿ ಇನ್ನೂ ಎರಡು ಸಂಗತಿ ಇದ್ದವು. ಬಿಟ್ಟವರಲ್ಲಿ ಸ್ವಲ್ಪ ದೊಡ್ಡ ಮಕ್ಕಳು ಹೆಚ್ಚು. ಖಿನ್ನತೆಯ ಲಕ್ಷಣ ಇದ್ದ, ತಮ್ಮ ಬಗ್ಗೆ ತಮಗೇ ಕೀಳರಿಮೆ ಇದ್ದ ಮಕ್ಕಳು ಹೆಚ್ಚು. ಇದು ನನ್ನನ್ನು ತುಂಬ ಕಾಡಿದ ಮಾತು. ಆರು ವರ್ಷದ ಮಗುವನ್ನು ಎತ್ತಿಕೊಂಡಾದರೂ ಹೋಗಬಹುದು. ಹದಿಮೂರರ ಹುಡುಗಿ ಬಾತ್‌ರೂಮ್ ಚಿಲಕ ಹಾಕಿಕೊಂಡು ‘ನಾನು ಬರಲ್ಲ’ ಅಂದರೆ ಮುಗಿಯಿತು. ಅವಳಿಗೆ ಮೊದಲು ಬೇಕಾಗಿದ್ದದ್ದು ಮನಸ್ಸಿನ ಭಾರ ಇಳಿಸುವವರು. ಸಿಕ್ಕಿದ್ದು ಕ್ಯಾಲೊರಿ ಲೆಕ್ಕ.

ತೂಕ ಇಳಿಯಲಿಲ್ಲ, ಆದರೂ ಗೆದ್ದ ಹುಡುಗ

‘ನಾವು ಅಂದುಕೊಂಡದ್ದು ಸಿಗಲಿಲ್ಲ’ ಅನ್ನುವ ಉತ್ತರದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಹೆತ್ತವರು ಏನು ಅಂದುಕೊಂಡಿರುತ್ತಾರೆ? ತೂಕ ಇಳಿಯುತ್ತದೆ ಎಂದು. ಮತ್ತೇನು ಅಂದುಕೊಳ್ಳಬೇಕು?

ಈಗ ಒಂದು ಲೆಕ್ಕ ಮಾಡೋಣ. ಹತ್ತು ವರ್ಷದ ಹುಡುಗ. ಎತ್ತರ 140 ಸೆಂಟಿಮೀಟರ್, ತೂಕ 45 ಕಿಲೋ. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ (ಎತ್ತರ ಮೀಟರಿನಲ್ಲಿ, 1.4) ಬರುವುದೇ ಬಿಎಂಐ. ಅವನದು ಸುಮಾರು 23. ದೊಡ್ಡವರಿಗೆ ಇದು ಅಂಥಾ ಜಾಸ್ತಿ ಅಲ್ಲ, ಹತ್ತು ವರ್ಷದವನಿಗೆ ಜಾಸ್ತಿಯೇ. ಕುಟುಂಬ ವರ್ಷವಿಡೀ ಕಷ್ಟಪಟ್ಟಿತು. ಸಿಹಿ ಜ್ಯೂಸ್ ನಿಂತಿತು, ಸಂಜೆ ಆಟ ಶುರುವಾಯಿತು. ವರ್ಷದ ಕೊನೆಗೆ ತೂಗಿದರೆ 45 ಕಿಲೋ! ಒಂದು ಗ್ರಾಂ ಇಳಿದಿಲ್ಲ. ಅಪ್ಪನ ಮುಖ ಸಪ್ಪಗಾಯಿತು.

ಆದರೆ ಈ ವರ್ಷದಲ್ಲಿ ಹುಡುಗ 146 ಸೆಂಟಿಮೀಟರ್ ಆಗಿದ್ದಾನೆ. ಈಗ ಬಿಎಂಐ ಲೆಕ್ಕ ಹಾಕಿದರೆ 21.1. ಸುಮಾರು ಎರಡರಷ್ಟು ಇಳಿದಿದೆ. ಸುಮ್ಮನೆ ಬಿಟ್ಟಿದ್ದರೆ ಅವನ ತೂಕ ಇನ್ನೂ ನಾಲ್ಕೈದು ಕಿಲೋ ಏರಿರುತ್ತಿತ್ತು. ಬೆಳೆಯುವ ಮಗುವಿನ ವಿಷಯದಲ್ಲಿ ತೂಕ ಏರದೆ ನಿಂತರೂ ಗೆಲುವೇ. ಮಗುವಿನ ಕಾಲೇ ಅರ್ಧ ಚಿಕಿತ್ಸೆ ಮಾಡುತ್ತದೆ, ಉದ್ದವಾಗಿ.

ಇದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದು ತೋರಿಸಿದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ. ತೋರಿಸದಿದ್ದರೆ ಏನಾಗುತ್ತದೆ ಅಂದರೆ, ಕ್ಲಿನಿಕ್‌ನವರು ‘ತುಂಬಾ ಚೆನ್ನಾಗಿದೆ’ ಅನ್ನುತ್ತಾರೆ, ಅಪ್ಪ ಮನಸ್ಸಿನಲ್ಲಿ ‘ಏನು ಚೆನ್ನ?’ ಅಂದುಕೊಳ್ಳುತ್ತಾನೆ. ಅದೂ ಅಲ್ಲದೆ, ನಿಷ್ಠೆಯಿಂದ 26 ಗಂಟೆ ಮುಗಿಸಿದರೂ ಸರಾಸರಿ ಇಳಿತ ಸಣ್ಣದೇ. ಟೀವಿಯ ‘ಮೊದಲು-ನಂತರ’ ಫೋಟೋ ನೋಡಿ ಬಂದವರಿಗೆ ಆ ಸಣ್ಣ ಇಳಿತ ಕಣ್ಣಿಗೆ ಹತ್ತುವುದಿಲ್ಲ. ಓಡಾಡಿದರೆ ಏದುಸಿರು ಬರುವುದು ನಿಂತಿದೆ, ನಿದ್ದೆ ಚೆನ್ನಾಗಿದೆ, ಲಿವರ್ ರಿಪೋರ್ಟ್ ಸುಧಾರಿಸಿದೆ. ಇವೆಲ್ಲ ಹೆಚ್ಚು ಮುಖ್ಯ. ಪಕ್ಕದ ಮನೆಯವರು ಗುರುತಿಸುವುದು ಮಾತ್ರ ಹೊಟ್ಟೆಯನ್ನು.

ಇನ್ನೊಂದು ತೊಡಕು. ಈ ಚಿಂತೆ ಮೊದಲಿಗೆ ಯಾರದು? ಬಹಳ ಸಲ ಡಾಕ್ಟರದು. ತೂಕ ಜಾಸ್ತಿ ಇರುವ ಮಕ್ಕಳ ಹೆತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಮಗುವಿನ ತೂಕವನ್ನು ಇರುವುದಕ್ಕಿಂತ ಕಡಿಮೆ ಎಂದೇ ಭಾವಿಸುತ್ತಾರೆ ಎಂದು 2014ರಲ್ಲಿ ಹಲವಾರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿತು. ಕಿವಿ ನೋವು ಬಂದರೆ ಮಗು ರಾತ್ರಿಯೆಲ್ಲ ಅಳುತ್ತದೆ, ಬೆಳಗಾದರೆ ಓಡುತ್ತೇವೆ. ಬೊಜ್ಜು ಇವತ್ತು ಎಲ್ಲೂ ನೋಯುವುದಿಲ್ಲ. ಇಪ್ಪತ್ತು ವರ್ಷದ ನಂತರ ಬರಬಹುದಾದ ಸಕ್ಕರೆ ಕಾಯಿಲೆಗಾಗಿ ಇವತ್ತಿನ ಅರ್ಧ ದಿನದ ಸಂಬಳ ಬಿಡಬೇಕು. ಮಗು ಚೆನ್ನಾಗಿಯೇ ಇದೆ ಎಂದು ಒಳಗೊಳಗೆ ಅಂದುಕೊಂಡವರಿಗೆ ಈ ವ್ಯಾಪಾರ ಗಿಟ್ಟುವುದಿಲ್ಲ.

ನಮ್ಮಲ್ಲಿ

ನಮ್ಮ ಊರುಗಳಲ್ಲಿ ಬಿಟ್ಟು ಹೋಗಲು ಕಾರ್ಯಕ್ರಮವೇ ಇಲ್ಲ ಅನ್ನಬಹುದು. ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಮಕ್ಕಳ ಬೊಜ್ಜಿನ ಕ್ಲಿನಿಕ್ ಇದೆ. ಉಳಿದ ಕಡೆ ಚಿಕಿತ್ಸೆ ಅಂದರೆ ಐದು ನಿಮಿಷದ ಮಾತು, ಒಂದು ಥೈರಾಯ್ಡ್ ಟೆಸ್ಟ್, ಒಂದು ಛಾಪಿಸಿದ ಡಯಟ್ ಚೀಟಿ. ಥೈರಾಯ್ಡ್ ನಾರ್ಮಲ್ ಬಂದರೆ ‘ಅಬ್ಬ, ಏನೂ ಇಲ್ಲವಂತೆ’ ಎಂದು ಮನೆಯವರು ನಿರಾಳರಾಗುತ್ತಾರೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಆ ಚೀಟಿಯಲ್ಲಿ ಓಟ್ಸ್ ಇರುತ್ತದೆ, ಬ್ರೊಕೊಲಿ ಇರುತ್ತದೆ. ಮಂಡ್ಯದ ಮನೆಯಲ್ಲಿ ದಿನಾ ತಿನ್ನುವ ಮುದ್ದೆ, ಸೊಪ್ಪಿನ ಸಾರು ಎಷ್ಟು ತಿನ್ನಬಹುದು ಎಂದು ಇರುವುದಿಲ್ಲ.

ಹಾಗಂತ ಮಕ್ಕಳು ಇಲ್ಲವೇ? 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ 5ರಿಂದ 19 ವಯಸ್ಸಿನ ಬೊಜ್ಜು ಇರುವ ಮಕ್ಕಳು ಭಾರತದಲ್ಲಿ 1990ರಲ್ಲಿ ಸುಮಾರು 4 ಲಕ್ಷ ಇದ್ದರು, 2022ರಲ್ಲಿ ಸುಮಾರು 1.25 ಕೋಟಿ. ನಮ್ಮ ಮಕ್ಕಳ ವೈದ್ಯರ ಸಂಘ 2015ರಲ್ಲಿ ಮಾಡಿದ ಬೆಳವಣಿಗೆ ಚಾರ್ಟ್‌ನಲ್ಲಿ ಬೊಜ್ಜಿನ ಗೆರೆಯನ್ನು ಬೇರೆ ದೇಶಗಳಿಗಿಂತ ಕೆಳಗೇ ಎಳೆದಿದ್ದಾರೆ. ನಮ್ಮ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬು ಜಾಸ್ತಿ, ಸಕ್ಕರೆ ಕಾಯಿಲೆಯ ಅಪಾಯವೂ ಬೇಗ. ಅಂದರೆ ಕಣ್ಣಿಗೆ ‘ಪುಷ್ಟಿಯಾಗಿದೆ’ ಅನಿಸುವ ಮಗು ಚಾರ್ಟ್‌ನಲ್ಲಿ ಆಗಲೇ ಗೆರೆ ದಾಟಿರಬಹುದು.

ಆದರೆ ‘ಮೈಕೈ ತುಂಬಿಕೊಂಡಿದೆ, ದೃಷ್ಟಿ ತೆಗಿ’ ಎಂದು ಹೇಳುವ ಮನೆಗಳಲ್ಲಿ ಡಾಕ್ಟರ ಮಾತು ದೃಷ್ಟಿಯಂತೆಯೇ ಕೇಳಿಸುತ್ತದೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದೆರಡು ತಲೆಮಾರಿನ ಹಿಂದೆ ತೆಳ್ಳಗಿನ ಮಗು ಅಂದರೆ ಜ್ವರಕ್ಕೆ ಸೋಲುವ ಮಗು. ಆ ಭಯ ಹೊಟ್ಟೆಯೊಳಗೆ ಇನ್ನೂ ಇದೆ. ಇವತ್ತಿಗೂ ಒಂದೇ ಬೀದಿಯಲ್ಲಿ ಸೊರಗಿದ ಮಗುವೂ ಇದೆ, ಬೊಜ್ಜಿನ ಮಗುವೂ ಇದೆ. ಇದರ ಜೊತೆಗೆ ಟ್ಯೂಷನ್ ಇದೆ. ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ನೋಡೋಣ. ಪಿಯುಸಿ ಮುಗೀಲಿ. ಸಿಇಟಿ ಮುಗೀಲಿ.

ಉಳಿಸಿಕೊಳ್ಳುವವರು ಏನು ಮಾಡುತ್ತಾರೆ

ಹಲವು ಕಡೆ ಪ್ರಯತ್ನ ನಡೆದಿದೆ. ಸಂಜೆ ಮತ್ತು ಶನಿವಾರ ತೆರೆಯುವುದು, ಆಸ್ಪತ್ರೆಯ ಬದಲು ಶಾಲೆಯಲ್ಲೋ ಕ್ರೀಡಾಂಗಣದಲ್ಲೋ ಸೇರುವುದು, ಮೊಬೈಲಿಗೆ ಮೆಸೇಜ್ ಕಳಿಸುವುದು. ಕೋವಿಡ್ ಬಂದ 2020ರಲ್ಲಿ ಬೇರೆ ದಾರಿ ಇಲ್ಲದೆ ವಿಡಿಯೋ ಕಾಲ್ ಶುರುವಾಯಿತು. ಅರ್ಧ ದಿನ ರಜೆ ಕೇಳುವ ಸಮಸ್ಯೆ ಅದರಿಂದ ಎಷ್ಟೋ ಮನೆಗಳಿಗೆ ತಪ್ಪಿತು. ನಾಚಿಕೆಯ ಸಮಸ್ಯೆ ತಪ್ಪಲಿಲ್ಲ, ಕ್ಯಾಮೆರಾ ಆಫ್ ಮಾಡಿದರೆ ಮುಗಿಯಿತಲ್ಲ.

ಇನ್ನು ಹೊಸ ಔಷಧಿಗಳು. ತೂಕ ಇಳಿಸುವ ವೆಗೋವಿ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ 12 ವರ್ಷ ಮೇಲ್ಪಟ್ಟ ಮಕ್ಕಳಿಗೂ ಅನುಮತಿ ಸಿಕ್ಕಿತು. ಕಣ್ಣಿಗೆ ಕಾಣುವಷ್ಟು ತೂಕ ಇಳಿಯುವುದರಿಂದ ‘ಏನು ಚೆನ್ನ?’ ಅನ್ನುವ ಅಪ್ಪನಿಗೆ ಉತ್ತರ ಸಿಗುತ್ತದೆ. ಬೆಲೆ, ಇನ್ಶೂರೆನ್ಸ್, ಪ್ರತಿ ವಾರ ಸೂಜಿ, ಇವು ಹೊಸ ತಲೆನೋವು. ಔಷಧಿ ಕೊಟ್ಟರೂ ಊಟ-ಆಟದ ಪಾಠ ಜೊತೆಗೇ ಇರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಅಂದರೆ ಆ 26 ಗಂಟೆ ಎಲ್ಲಿಗೂ ಹೋಗಿಲ್ಲ.

ಅಂದಹಾಗೆ ಆ 2023ರ ಮಾರ್ಗಸೂಚಿಯ ಮೊದಲ ಲೇಖಕಿ ಯಾರು ಗೊತ್ತಾ? ಹತ್ತು ವರ್ಷದ ಹಿಂದೆ ಬಿಟ್ಟು ಹೋದ ಪೋಷಕರನ್ನು ‘ಯಾಕೆ ಬಿಟ್ಟಿರಿ’ ಎಂದು ಕೇಳಿದ್ದ ಅದೇ ಸಾರಾ ಹ್ಯಾಂಪಲ್. ‘ದೂರ ಆಗುತ್ತೆ, ಸಮಯ ಹೊಂದುವುದಿಲ್ಲ’ ಎಂಬ ಉತ್ತರವನ್ನು ಖುದ್ದು ಓದಿದವರೇ 26 ಗಂಟೆ ಎಂದೂ ಬರೆದರು. ಇದರಲ್ಲಿ ವಿರೋಧ ಇಲ್ಲ. ಕಡಿಮೆ ಗಂಟೆಗೆ ಪರಿಣಾಮ ಕಡಿಮೆ ಎಂದು ಪುರಾವೆ ಹೇಳುತ್ತದೆ. ಹೆಚ್ಚು ಗಂಟೆಗೆ ಬರುವವರು ಕಡಿಮೆ ಎಂದು ಪೋಷಕರು ಹೇಳುತ್ತಾರೆ. ಎರಡೂ ನಿಜ, ಈ ಜಗ್ಗಾಟ ಇನ್ನೂ ಬಗೆಹರಿದಿಲ್ಲ.

ಮೊದಲು ಹೇಳಿದ ಪಟ್ಟಿಯ ಗೊಂದಲಕ್ಕೆ ಮತ್ತೆ ಬರುತ್ತೇನೆ. ನಾಲ್ಕು ಸಲ ಬಂದು, ಸಿಹಿ ಪಾನೀಯ ಪೂರ್ತಿ ಬಿಟ್ಟು, ರಾತ್ರಿ ಊಟದ ಹೊತ್ತು ಸರಿಮಾಡಿಕೊಂಡು, ‘ಸಾಕು, ಇನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂದು ನಿಲ್ಲಿಸಿದ ಮನೆಯೂ ಕ್ಲಿನಿಕ್ ಲೆಕ್ಕದಲ್ಲಿ ‘ಬಿಟ್ಟವರು’. ಒಂದೇ ದಿನ ಬಂದು ಅವಮಾನವಾಗಿ ಹೋದವರೂ ‘ಬಿಟ್ಟವರು’. ವರ್ಷ ಬಿಟ್ಟು ಮತ್ತೆ ಬರಬೇಕು ಅನಿಸಿದವರೂ ಇರುತ್ತಾರೆ. ಅಜ್ಜಿ ಊರಿಗೆ ಹೋದ ಮೇಲೆ, ಅಮ್ಮನ ಶಿಫ್ಟ್ ಬದಲಾದ ಮೇಲೆ, ಇಲ್ಲವೇ ಹದಿನಾಲ್ಕಕ್ಕೆ ಕಾಲಿಟ್ಟ ಮಗುವೇ ‘ಈಗ ಹೋಗೋಣ’ ಅಂದ ಮೇಲೆ. ಅಸ್ತಮಾ ಇರುವ ಮಗು ವರ್ಷ ಬಿಟ್ಟು ಬಂದರೆ ಯಾವ ಡಾಕ್ಟರೂ ಅದನ್ನು ಸೋಲು ಎಂದು ಬರೆಯುವುದಿಲ್ಲ, ಪಂಪ್ ಬರೆದುಕೊಡುತ್ತಾರೆ. ಬೊಜ್ಜು ಕೂಡ ಅಂಥದೇ ದೀರ್ಘಕಾಲದ ಕಾಯಿಲೆ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಅಮ್ಮ ಫೋನ್ ಮಾಡಿದಾಗ ಅನೇಕ ಕ್ಲಿನಿಕ್‌ಗಳ ಕೌಂಟರಿನಿಂದ ಬರುವ ಉತ್ತರ ಬೇರೆ: ನಿಮ್ಮ ಫೈಲ್ ಮುಚ್ಚಿದೆ, ಹೊಸ ರೆಫರಲ್ ತನ್ನಿ, ವೇಟಿಂಗ್ ಲಿಸ್ಟ್ ನಾಲ್ಕು ತಿಂಗಳಿದೆ.

‘ಸರಿ, ಬರ್ತೀವಿ’ ಅನ್ನುತ್ತಾಳೆ ಅಮ್ಮ.